ಮಂಚದ ಮೇಲಿನ ಈ ಜೇಡ ಯಾವುದು? ಮಗನ ಕುತ್ತಿಗೆಗೆ ಬರೆ ಎಳೆದಂತಾಗಿದೆ

ಗದ್ದೆ ಬದಿಯ ಮನೆ
ಅಕ್ಟೋಬರ್ 14, ರಾತ್ರಿ 8.50

ಎಲ್ಲರಿಗೂ ನಮಸ್ಕಾರ. ಇಲ್ಲಿ ಇದೇ ಮೊದಲ ಸಲ ಬರೆಯುತ್ತಿದ್ದೇನೆ. ನಮ್ಮದು ಪಾಂಡವಪುರದಿಂದ ಸ್ವಲ್ಪ ಒಳಗೆ, ನಾಲೆಯ ಪಕ್ಕದ ಊರು. ಮನೆಯ ಹಿತ್ತಿಲು ದಾಟಿದರೆ ಗದ್ದೆ. ಭತ್ತ ಹೊಡೆ ಬಿಚ್ಚುತ್ತಿದೆ, ಮಳೆ ಬಿಟ್ಟು ಬಿಟ್ಟು ಬರುತ್ತಿದೆ, ಸಂಜೆ ದೀಪ ಹಾಕಿದರೆ ಸಾಕು ಮನೆ ತುಂಬ ಹುಳ.

ಇವತ್ತು ಬೆಳಿಗ್ಗೆ ಎದ್ದಾಗ ನನ್ನ ಎಂಟು ವರ್ಷದ ಮಗನ ಕುತ್ತಿಗೆಯ ಎಡಗಡೆ, ಕಿವಿಯ ಕೆಳಗಿನಿಂದ ಕಾಲರಿನವರೆಗೆ, ಕಾದ ಸೌಟಿನಿಂದ ಬರೆ ಎಳೆದಂತೆ ಕೆಂಪಗಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಸಾಸಿವೆ ಕಾಳಿನಷ್ಟು ಗುಳ್ಳೆಗಳೆದ್ದಿವೆ. ಉರಿ ಉರಿ ಎನ್ನುತ್ತಾನೆ. ಬಲಗೈ ಮೊಣಕೈ ಮಡಚುವ ಜಾಗದಲ್ಲೂ ಎದುರುಬದುರಾಗಿ ಎರಡು ಗುರುತು.

ನಿನ್ನೆ ರಾತ್ರಿ ಅವನ ಮಂಚದ ಮೇಲಿನ ಗೋಡೆಯಲ್ಲಿ ಅಂಗೈಯಗಲದ ಜೇಡವನ್ನು ಕಂಡಿದ್ದೆ. ಹೊಟ್ಟೆಯ ಕೆಳಗೆ ಬಿಳಿ ಬಿಲ್ಲೆಯಂಥದ್ದನ್ನು ಹಿಡಿದುಕೊಂಡಿದೆ. ಅತ್ತೆಯವರದು ಒಂದೇ ಮಾತು, ಜೇಡ ಉಚ್ಚೆ ಹೊಯ್ದಿದೆ ಎಂದು. ಯಜಮಾನರು ಪೊರಕೆ ಹಿಡಿದು ನಿಂತಿದ್ದಾರೆ. ಹೊಡೆಯುವ ಮೊದಲು ಗೊತ್ತಿರುವವರನ್ನು ಕೇಳೋಣ ಎಂದು ನಾನೇ ತಡೆದಿದ್ದೇನೆ.

ಚಿತ್ರ 1: ಗೋಡೆಯ ಜೇಡ. ಚಿತ್ರ 2: ಮಗನ ಕುತ್ತಿಗೆ. ಚಿತ್ರ 3: ಇವತ್ತು ಬೆಳಿಗ್ಗೆ ಆ ಕೋಣೆಯಲ್ಲಿ ಗುಡಿಸಿದ ಕಸ, ಮೊರದಲ್ಲಿ. ಮೂರನೆಯದನ್ನು ಹುಳಗಳ ಕಾಟ ಎಷ್ಟಿದೆ ಎಂದು ತೋರಿಸಲಷ್ಟೇ ಹಾಕಿದ್ದೇನೆ.

ಬೆರಳ ತುದಿಯಲ್ಲಿ
ಅಕ್ಟೋಬರ್ 14, ರಾತ್ರಿ 8.58

ಮೇಡಂ, ಚಿತ್ರ 1ನ್ನು ಆ್ಯಪ್‌ಗೆ ಹಾಕಿದೆ. ಬ್ರೌನ್ ರೆಕ್ಲೂಸ್ ಎಂದು ಬಂತು. ಅದು ಕಚ್ಚಿದರೆ ಮಾಂಸ ಕೊಳೆಯುತ್ತದೆಯಂತೆ. ಯೋಚಿಸುತ್ತ ಕೂರಬೇಡಿ, ಮೊದಲು ಕೊಂದುಬಿಡಿ.

ಎಂಟು ಕಣ್ಣು
ಅಕ್ಟೋಬರ್ 14, ರಾತ್ರಿ 9.15

ಪೊರಕೆ ಕೆಳಗಿಡಲು ಹೇಳಿ ಅಕ್ಕ.

ನಿಮ್ಮ ಮೊದಲ ಚಿತ್ರ ಚೆನ್ನಾಗಿದೆ, ನಿಮಗೆ ಗೊತ್ತಿಲ್ಲದೆಯೇ ಬೇಕಾದದ್ದೆಲ್ಲ ಅದರಲ್ಲಿ ಬಿದ್ದಿದೆ. ಇದು ಹಂಟ್ಸ್‌ಮನ್ ಜೇಡ, ಹೆಟೆರೊಪೊಡಾ ವೆನೆಟೋರಿಯಾ. ಉಷ್ಣವಲಯದ ಊರುಗಳಲ್ಲೆಲ್ಲ ಮನೆಯೊಳಗೆ ಸೇರಿಕೊಳ್ಳುವ ಜೇಡ, ನಮ್ಮ ಅಜ್ಜಂದಿರ ಅಟ್ಟದಲ್ಲೂ ಇದ್ದದ್ದೇ. ಗುರುತು ಹೇಗೆ ಸಿಕ್ಕಿತೆಂದರೆ, ಕಾಲುಗಳು ಏಡಿಯ ಕಾಲಿನಂತೆ ಪಕ್ಕಕ್ಕೆ ತಿರುಗಿ ಗೋಡೆಗೆ ಚಪ್ಪಟೆಯಾಗಿ ಒತ್ತಿಕೊಂಡಿವೆ. ಚಿತ್ರವನ್ನು ದೊಡ್ಡದು ಮಾಡಿ ಮುಖದ ಕಡೆ ನೋಡಿ, ಕಣ್ಣುಗಳ ಕೆಳಗೆ ಸುಣ್ಣದ ಗೆರೆ ಎಳೆದಂತೆ ಅಡ್ಡ ಪಟ್ಟಿ ಇದೆ. ಆ ಬಿಳಿ ಬಿಲ್ಲೆ ಮೊಟ್ಟೆಯ ಚೀಲ. ನೂರಕ್ಕೂ ಹೆಚ್ಚು ಮೊಟ್ಟೆಗಳಿರುತ್ತವೆ. ತಾಯಿ ಅದನ್ನು ಮರಿಯಾಗುವವರೆಗೆ ಹೊಟ್ಟೆಯಡಿಯಲ್ಲಿ ಹೊತ್ತು ತಿರುಗುತ್ತದೆ. ಬಲೆ ಹೆಣೆಯುವುದಿಲ್ಲ, ರಾತ್ರಿ ಜಿರಲೆ ಹಿಡಿದು ತಿನ್ನುತ್ತದೆ. ಕೈಯಲ್ಲಿ ಅದುಮಿ ಹಿಡಿದರೆ ಕಚ್ಚೀತು, ನೋಯುತ್ತದೆ, ಅಷ್ಟೇ. ಕಚ್ಚಿದ್ದರೂ ಹೀಗೆ ಗೆರೆ ಎಳೆದಂತೆ ಆಗುವುದಿಲ್ಲ. ಇನ್ನು ಉಚ್ಚೆಯ ಮಾತು: ಜೇಡ ಸುಣ್ಣದ ನೀರಿನಂಥ ಹಿಕ್ಕೆ ಹಾಕುತ್ತದೆ, ಗೋಡೆಗೆ ಕಲೆಯಾಗುತ್ತದೆ, ಚರ್ಮ ಸುಡುವುದಿಲ್ಲ.

ಅಪರಾಧಿ ನಿಮ್ಮ ಮೂರನೆಯ ಚಿತ್ರದಲ್ಲಿದ್ದಾನೆ. ಮೊರದ ಬಲ ಅಂಚು, ಮುರಿದ ಮಿಡತೆಯ ಕಾಲಿನ ಪಕ್ಕ. ದೊಡ್ಡ ಇರುವೆಯಷ್ಟು ಉದ್ದ, ತಲೆ ಕಪ್ಪು, ಅದರ ಹಿಂದೆ ಕಿತ್ತಳೆ ಕೆಂಪು, ನಡುವಿನಲ್ಲಿ ನೀಲಿ ಹೊಳಪಿನ ಪುಟ್ಟ ಅಂಗಿ ತೊಟ್ಟಂತೆ, ಮತ್ತೆ ಕಿತ್ತಳೆ, ತುದಿ ಕಪ್ಪು. ಆ ಜಾಗವನ್ನಷ್ಟೇ ಕತ್ತರಿಸಿ ಹಾಕಬಲ್ಲಿರಾ? ಮೊರ ಇನ್ನೂ ಚೆಲ್ಲದೆ ಇದ್ದರೆ ಹತ್ತಿರದಿಂದ ಇನ್ನೊಂದು ತೆಗೆಯಿರಿ. ಕೈಯಲ್ಲಿ ಮಾತ್ರ ಮುಟ್ಟಬೇಡಿ.

ಗದ್ದೆ ಬದಿಯ ಮನೆ
ಅಕ್ಟೋಬರ್ 14, ರಾತ್ರಿ 9.31

ಕಸ ಚೆಲ್ಲಿಯಾಗಿತ್ತು. ಟಾರ್ಚು ಹಿಡಿದು ತಿಪ್ಪೆಯ ಪಕ್ಕ ಹುಡುಕಿದರೆ ಒಂದಲ್ಲ, ನಾಲ್ಕು ಸಿಕ್ಕವು. ಒಂದಕ್ಕೆ ಜೀವವಿದೆ. ಕಡ್ಡಿ ತಾಗಿಸಿದರೆ ಚೇಳಿನ ಹಾಗೆ ಬಾಲ ಎತ್ತುತ್ತದೆ. ಚಿತ್ರ 4 ನೋಡಿ. ಇದನ್ನು ನಾವು ಇರುವೆ ಎಂದೇ ತಿಳಿದಿದ್ದೆವು, ದಿನಾ ಸಂಜೆ ಪುಸ್ತಕದ ಮೇಲೆ ಬೀಳುತ್ತಿರುತ್ತದೆ.

ಎಂಟು ಕಣ್ಣು
ಅಕ್ಟೋಬರ್ 14, ರಾತ್ರಿ 9.44

ಇದೇ. ಪೆಡೆರಸ್ ಎಂಬ ದುಂಬಿ. ದುಂಬಿಯೆಂದರೆ ನಂಬಿಕೆ ಬರುವುದಿಲ್ಲ, ಏಕೆಂದರೆ ದುಂಬಿಗಳ ಗಟ್ಟಿ ಮೇಲ್ರೆಕ್ಕೆ ಬೆನ್ನು ಪೂರ್ತಿ ಮುಚ್ಚಿರುತ್ತದೆ, ಇದರದ್ದು ಮೊಟಕು. ಆ ನೀಲಿ ಅಂಗಿ ಎಂದೆನಲ್ಲ, ಅದೇ ಮೇಲ್ರೆಕ್ಕೆ. ಹಾರುವ ರೆಕ್ಕೆ ಅದರಡಿಯಲ್ಲಿ ಮಡಚಿಕೊಂಡಿರುತ್ತದೆ.

ಇದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಇದರ ಮೈಯ ದ್ರವದಲ್ಲಿ ಪೆಡೆರಿನ್ ಎಂಬ ವಿಷವಿದೆ. ಅದನ್ನು ತಯಾರಿಸುವುದು ಹುಳವೂ ಅಲ್ಲ, ಅದರೊಳಗೆ ಬಾಳುವ ಬ್ಯಾಕ್ಟೀರಿಯಾ. ಚರ್ಮದ ಮೇಲೆ ಹರಿದಾಗ ನಾವು ನಿದ್ದೆಗಣ್ಣಿನಲ್ಲಿ ಉಜ್ಜಿಬಿಡುತ್ತೇವೆ, ಅಲ್ಲಿಗೆ ಹುಳ ಅಪ್ಪಚ್ಚಿ, ವಿಷ ಉಜ್ಜಿದ ದಾರಿಯುದ್ದಕ್ಕೂ ಬಳಿದುಕೊಳ್ಳುತ್ತದೆ. ನಿಮ್ಮ ಮಗನ ಕುತ್ತಿಗೆಯ ಬರೆ ಅವನ ಬೆರಳು ಹೋದ ದಾರಿ. ಮೊಣಕೈಯಲ್ಲಿ ಎದುರುಬದುರು ಗುರುತು ಬಂದದ್ದು ಕೈ ಮಡಚಿದಾಗ ಒಂದು ಕಡೆಯ ವಿಷ ಇನ್ನೊಂದು ಕಡೆಗೆ ಮೆತ್ತಿಕೊಂಡು. ಆ ಜೋಡಿ ಗುರುತನ್ನು ನೀವು ಬರೆದಿರದಿದ್ದರೆ ನಾನು ಮೊರದ ಚಿತ್ರವನ್ನು ಅಷ್ಟು ಹೊತ್ತು ನೋಡುತ್ತಿರಲಿಲ್ಲ.

ಇನ್ನೊಂದು ಲೆಕ್ಕ. ಪೆಡೆರಿನ್ ತಗುಲಿದ ಕೂಡಲೇ ಗೊತ್ತಾಗುವುದಿಲ್ಲ, ಒಂದು ದಿನ ಕಳೆದ ಮೇಲೆ ಕೆಂಪೇಳುತ್ತದೆ, ಆಮೇಲೆ ಗುಳ್ಳೆ. ಇವತ್ತು ಬೆಳಿಗ್ಗೆ ಕಂಡಿದೆ ಎಂದರೆ ಹುಳ ಉಜ್ಜಿದ್ದು ಬಹುಶಃ ಮೊನ್ನೆ ರಾತ್ರಿ. ನೀವು ಜೇಡ ನೋಡಿದ್ದು ನಿನ್ನೆ.

ಡಾಕ್ಟರಮ್ಮ
ಅಕ್ಟೋಬರ್ 14, ರಾತ್ರಿ 10.05

ಹುಳದ ವಿಷಯ ಮೇಲಿನವರಿಗೆ ಬಿಟ್ಟೆ, ಚರ್ಮದ ವಿಷಯ ನಾನು ಹೇಳುತ್ತೇನೆ. ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಸಂಜೆಯ ಒಪಿಡಿಯಲ್ಲಿ ಇಂಥವು ದಿನಕ್ಕೆ ಮೂರು ನಾಲ್ಕು ಬರುತ್ತವೆ, ಹೆಚ್ಚಿನವರು ಜೇಡದ ಹೆಸರು ಹೇಳಿಕೊಂಡೇ ಬರುತ್ತಾರೆ. ಸೋಪು ನೀರಿನಲ್ಲಿ ಮೆತ್ತಗೆ ತೊಳೆಯಿರಿ, ತಣ್ಣೀರಿನ ಬಟ್ಟೆ ಇಡಿ, ಗುಳ್ಳೆ ಒಡೆಯಬೇಡಿ. ಅವನು ಹಾಕಿದ್ದ ಅಂಗಿ, ದಿಂಬಿನ ಕವರು, ಹೊದಿಕೆ ಒಗೆಯಿರಿ. ಕೈ ಚೆನ್ನಾಗಿ ತೊಳೆಸಿ, ಆ ಕೈಯಲ್ಲಿ ಕಣ್ಣುಜ್ಜಿದರೆ ಕಣ್ಣು ಊದಿಕೊಳ್ಳುತ್ತದೆ. ಕುತ್ತಿಗೆಯಾದ್ದರಿಂದ, ಮಗುವಾದ್ದರಿಂದ, ನಾಳೆ ಒಮ್ಮೆ ವೈದ್ಯರಿಗೆ ತೋರಿಸಿ. ಹಚ್ಚಲು ಯಾವ ಮುಲಾಮು, ಎಷ್ಟು ದಿನ ಎಂಬುದನ್ನು ಅವರು ನೋಡಿ ಹೇಳಲಿ. ಫೋಟೊ ನೋಡಿ ನಾನು ಹೇಳುವುದಿಲ್ಲ. ಒಂದೆರಡು ವಾರದಲ್ಲಿ ವಾಸಿಯಾಗುತ್ತದೆ, ಕಂದು ಕಲೆ ಸ್ವಲ್ಪ ಕಾಲ ಉಳಿಯುತ್ತದೆ.

ಸಂತೆಪೇಟೆ
ಅಕ್ಟೋಬರ್ 15, ಬೆಳಿಗ್ಗೆ 6.40

ಓದಿದವರು ಏನಾದರೂ ಹೇಳಿಕೊಳ್ಳಿ. ನಮ್ಮ ಕಡೆ ಇದಕ್ಕೆ ಕೆಮ್ಮಣ್ಣು ಹಚ್ಚಿ ಮಂತ್ರ ಹಾಕಿಸುತ್ತಾರೆ, ಎಂಟು ದಿನದಲ್ಲಿ ಗುಣವಾಗುತ್ತದೆ. ನಮ್ಮ ತಂದೆಯವರಿಗೆ ಸೊಂಟದ ಸುತ್ತ ಬಂದಾಗಲೂ ಹಾಗೇ ಮಾಡಿದ್ದು.

ಡಾಕ್ಟರಮ್ಮ
ಅಕ್ಟೋಬರ್ 15, ಬೆಳಿಗ್ಗೆ 7.10

ತಾನಾಗಿ ವಾಸಿಯಾಗುವ ಕಾಯಿಲೆಗೆ ಏನು ಹಚ್ಚಿದರೂ ಎಂಟು ದಿನದಲ್ಲಿ ಗುಣವಾಗುತ್ತದೆ ಯಜಮಾನರೇ. ಆದರೆ ನಿಮ್ಮ ತಂದೆಯವರಿಗೆ ಬಂದದ್ದು ಸರ್ಪಸುತ್ತು ಇರಬೇಕು. ಅದು ಹುಳದ್ದೂ ಅಲ್ಲ, ಹಾವಿನದ್ದೂ ಅಲ್ಲ, ಚಿಕ್ಕಂದಿನಲ್ಲಿ ಬಂದ ಸೀತಾಳೆ ಸಿಡುಬಿನ ವೈರಸ್ಸು ನರದಲ್ಲಿ ಅವಿತಿದ್ದು ಮತ್ತೆ ಏಳುವುದು. ಮೈಯ ಒಂದೇ ಪಕ್ಕ, ಪಟ್ಟಿಯಂತೆ ಬರುತ್ತದೆ, ಗುಳ್ಳೆಗಿಂತ ಮೊದಲೇ ನೋವು ಶುರುವಾಗುತ್ತದೆ. ಅದಕ್ಕೆ ಮೊದಲ ಮೂರು ದಿನಗಳೊಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ಜೇಡದ ಮೇಲೆ ಗೂಬೆ ಕೂರಿಸಿ ಆ ಮೂರು ದಿನ ಕಳೆದುಬಿಡುತ್ತಾರೆ, ನನ್ನ ಸಿಟ್ಟು ಅದಕ್ಕೆ. ಒಡೆದ ಗುಳ್ಳೆಗೆ ಮಣ್ಣು ಮಾತ್ರ ಬೇಡ.

ಹನ್ನೆರಡನೇ ಚಳಿಗಾಲ
ಅಕ್ಟೋಬರ್ 15, ಬೆಳಿಗ್ಗೆ 8.25

ಅಮೆರಿಕದ ಕಾನ್ಸಾಸ್‌ನಲ್ಲಿರುವ ಕನ್ನಡತಿ ನಾನು, ಬ್ರೌನ್ ರೆಕ್ಲೂಸ್ ನಮ್ಮ ನೆಲಮಾಳಿಗೆಯ ಬಾಡಿಗೆದಾರ. ಬೆರಳ ತುದಿಯವರೇ, ಅದು ಕಾಸಿನಗಲದ ಜೇಡ, ಅಂಗೈಯಗಲದ್ದಲ್ಲ. ಹೆಚ್ಚಿನ ಜೇಡಗಳಿಗೆ ಎಂಟು ಕಣ್ಣಾದರೆ ಅದಕ್ಕೆ ಆರೇ, ಎರಡೆರಡರಂತೆ ಮೂರು ಜೋಡಿ. ಬೆನ್ನ ಮೇಲೆ ಪಿಟೀಲಿನ ಗುರುತು ಎಂದು ಎಲ್ಲರೂ ಹುಡುಕುತ್ತಾರೆ, ಆದರೆ ಮಸುಕು ಫೋಟೊದಲ್ಲಿ ಯಾವ ಜೇಡದ ಬೆನ್ನ ಮೇಲೆ ಬೇಕಾದರೂ ಪಿಟೀಲು ಕಾಣುತ್ತದೆ.

ಇಲ್ಲಿಯೇ ನಡೆದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಕಾನ್ಸಾಸ್‌ನ ಒಂದೇ ಮನೆಯಲ್ಲಿ ಆರು ತಿಂಗಳಲ್ಲಿ 2,055 ಬ್ರೌನ್ ರೆಕ್ಲೂಸ್ ಜೇಡಗಳನ್ನು ಹಿಡಿದರು. ಆ ಮನೆಯಲ್ಲಿ ವರ್ಷಗಟ್ಟಲೆ ಬಾಳಿದ ಸಂಸಾರದಲ್ಲಿ ಒಬ್ಬರಿಗೂ ಅದರ ಕಡಿತದಿಂದ ತೊಂದರೆಯಾಗಿರಲಿಲ್ಲ. ಜೇಡದ ತವರಿನಲ್ಲೇ ಹೀಗಿರುವಾಗ ಮಂಡ್ಯದ ಗೋಡೆಗೆ ಅದನ್ನು ಯಾಕೆ ಅಂಟಿಸುತ್ತೀರಿ?

ಬೆರಳ ತುದಿಯಲ್ಲಿ
ಅಕ್ಟೋಬರ್ 15, ಬೆಳಿಗ್ಗೆ 9.02

ತಪ್ಪಾಯಿತು. ಆದರೆ ಆ್ಯಪ್ ಯಾಕೆ ಹಾಗೆ ಹೇಳಿತು? ಮೊನ್ನೆ ನಮ್ಮ ಮಾವಿನ ಗಿಡದ ಹುಳವನ್ನು ಸರಿಯಾಗಿಯೇ ಹೇಳಿತ್ತು.

ಟಾರ್ಚು ಹಿಡಿದವನು
ಅಕ್ಟೋಬರ್ 15, ಬೆಳಿಗ್ಗೆ 10.20

ಆ್ಯಪ್‌ಗಳು ಹೊಂದಿಸಿ ನೋಡುವುದು ತಮಗೆ ತೋರಿಸಿರುವ ಚಿತ್ರಗಳೊಂದಿಗೆ. ಅಮೆರಿಕ, ಯುರೋಪಿನವರು ಲಕ್ಷಗಟ್ಟಲೆ ಹಾಕಿದ್ದಾರೆ, ನಾವು ಹಾಕಿದ್ದು ಕಡಿಮೆ. ಕಂದು ಜೇಡವೆಂದರೆ ಅವರ ಊರಿನದೇ ಮೊದಲು ನೆನಪಾಗುತ್ತದೆ. ಕೆಲವು ಆ್ಯಪ್‌ಗಳಲ್ಲಿ ನಾವಿರುವ ಜಾಗ ಕೊಟ್ಟರೆ ಆ ಸುತ್ತಿನ ಪ್ರಭೇದಗಳನ್ನೇ ಮುಂದಿಡುತ್ತದೆ, ಜಾಗ ಕೊಡದೆ ಬರೀ ಚಿತ್ರ ಹಾಕಿದರೆ ಭೂಮಂಡಲವೆಲ್ಲ ಸುತ್ತಿ ಬರುತ್ತದೆ. ಐನ್ಯಾಚುರಲಿಸ್ಟ್ ಮತ್ತು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಜನ ತಾವು ಕಂಡ ಜೀವಿಗಳ ಚಿತ್ರ ಹಾಕುವ ಈ ಜಾಲತಾಣಗಳು ಎರಡೂ 2008ರಲ್ಲಿ ಶುರುವಾದವು. ಅಲ್ಲಿ ಯಂತ್ರ ಹೇಳಿದ ಮೇಲೂ ಮನುಷ್ಯರು ನೋಡಿ ತಿದ್ದುತ್ತಾರೆ. ಯಂತ್ರದ ಉತ್ತರವನ್ನು ನೆರೆಮನೆಯವರ ಮಾತಿನಂತೆ ಕೇಳಿಸಿಕೊಳ್ಳಿ, ತೀರ್ಪಿನಂತೆ ಬೇಡ.

ನಾಟಿ ಮುಗಿಸಿದವನು
ಅಕ್ಟೋಬರ್ 15, ಮಧ್ಯಾಹ್ನ 1.15

ಅಕ್ಕ, ನಾನು ಗಂಗಾವತಿ ಕಡೆಯ ಭತ್ತದ ರೈತ. ಈ ಕೆಂಪು ಕಪ್ಪು ಹುಳವನ್ನು ನೋಡಿದ ತಕ್ಷಣ ಗದ್ದೆಗೆ ಔಷಧಿ ಹೊಡೆಯಲು ಹೊರಡಬೇಡಿ ಎಂದು ಹೇಳಲು ಬಂದೆ. ಇದು ಪೈರಿನಲ್ಲಿ ಕಂದು ಜಿಗಿಹುಳುವನ್ನು ಹಿಡಿದು ತಿನ್ನುವ ಹುಳ. ನಮ್ಮಲ್ಲಿ ಒಮ್ಮೆ ಸಿಕ್ಕಾಪಟ್ಟೆ ಹೊಡೆದು, ಇದೂ ಸತ್ತು ಜೇಡವೂ ಸತ್ತು, ಜಿಗಿಹುಳು ಮಾತ್ರ ತಿರುಗಿ ಎದ್ದು ಗದ್ದೆಯ ನಡುವೆ ಸುಟ್ಟಂತೆ ದುಂಡಗೆ ಒಣಗಿಸಿತು. ಗದ್ದೆಯಲ್ಲಿ ನೆಂಟ, ಹಾಸಿಗೆಯಲ್ಲಿ ಕಂಟಕ. ದೀಪಕ್ಕೆ ಬರುತ್ತದೆ ಅಷ್ಟೇ. ಹಾಸಿಗೆಯ ನೇರಕ್ಕೆ ಬಿಳಿ ಟ್ಯೂಬ್‌ಲೈಟ್ ಬೇಡ, ಹಳದಿ ಬಲ್ಬು ಹಾಕಿ, ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ, ಮಲಗುವಾಗ ಸೊಳ್ಳೆ ಪರದೆ. ಮೈಮೇಲೆ ಕೂತರೆ ಬಡಿಯಬೇಡಿ, ಉಫ್ ಎಂದು ಊದಿ.

ಎಂಟು ಕಣ್ಣು
ಅಕ್ಟೋಬರ್ 15, ಮಧ್ಯಾಹ್ನ 2.00

ನಾಟಿಯವರು ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. 2022ರ ಜುಲೈನಲ್ಲಿ ಸಿಕ್ಕಿಂನ ಕಾಲೇಜೊಂದರ ನೂರರಷ್ಟು ವಿದ್ಯಾರ್ಥಿಗಳಿಗೆ ಇಂಥದ್ದೇ ಸುಟ್ಟಗಾಯಗಳಾದಾಗ ಪತ್ರಿಕೆಗಳು ಇದನ್ನು ನೈರೋಬಿ ನೊಣ ಎಂದು ಬರೆದವು. ಓದಿದವರು ನೊಣವನ್ನು ಹುಡುಕುತ್ತ ಕೂತರು, ಎದುರಿಗೆ ಹರಿಯುವ ದುಂಬಿಯನ್ನು ಬಿಟ್ಟರು. ತಪ್ಪು ಹೆಸರಿನಿಂದ ಆಗುವ ನಷ್ಟ ಇದೇ.

ಅಡಿಕೆ ಸಿಪ್ಪೆ
ಅಕ್ಟೋಬರ್ 16, ಬೆಳಿಗ್ಗೆ 11.30

ಈ ಎಳೆಯಲ್ಲೇ ನನ್ನದೂ ಎರಡು ಕೇಳಿಬಿಡುತ್ತೇನೆ, ತೀರ್ಥಹಳ್ಳಿ ಕಡೆಯ ತೋಟದ್ದು. ಚಿತ್ರ 5: ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆಯೊಂದು ಇನ್ನೊಂದು ಚಗಳಿಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತಿದೆ. ಇದರಲ್ಲೇನು ವಿಶೇಷ ಎಂದರೆ, ಅದು ಗುಂಪಿನಿಂದ ದೂರ, ಒಂದೇ ಓಡಾಡುತ್ತಿತ್ತು. ಚಿತ್ರ 6: ಹುಲ್ಲು ಹೊತ್ತು ಬಂದ ಮೇಲೆ ಅಂಗಿಯ ಮೇಲೆ ಸಿಕ್ಕ ಎಳ್ಳಿನಷ್ಟು ಹುಳ. ಕಾಲು ಎಣಿಸಿದೆ, ಆರು. ಆದ್ದರಿಂದ ಕೀಟವೆಂದು ಗೊತ್ತಾಯಿತು, ಯಾವುದೆಂದು ಗೊತ್ತಾಗಲಿಲ್ಲ.

ಎಂಟು ಕಣ್ಣು
ಅಕ್ಟೋಬರ್ 16, ಮಧ್ಯಾಹ್ನ 12.10

ಮೊದಲು ಆರನೆಯದು, ಅದು ಅವಸರದ್ದು. ಅದು ಉಣುಗಿನ ಮರಿ. ಉಣುಗು ಜೇಡದ ಬಳಗದ್ದೇ, ದೊಡ್ಡದಾದ ಮೇಲೆ ಎಂಟು ಕಾಲು, ಆದರೆ ಮೊಟ್ಟೆಯೊಡೆದು ಬಂದಾಗ ಆರೇ ಇರುತ್ತವೆ. ಕಾಲೆಣಿಕೆಯ ಪಾಠ ಇಲ್ಲಿ ಕೈಕೊಡುತ್ತದೆ. ಮೈ ನೋಡಿ, ತಲೆ ಎದೆ ಹೊಟ್ಟೆ ಎಂಬ ಮೂರು ಭಾಗವಿಲ್ಲ, ಒಂದೇ ಚಪ್ಪಟೆ ಬೀಜದಂತಿದೆ, ಕುಡಿಮೀಸೆಯೂ ಇಲ್ಲ. ಯಾವ ಜಾತಿಯ ಉಣುಗು ಎಂದು ನಿಮ್ಮ ಚಿತ್ರದಿಂದ ನಾನು ಹೇಳಲಾರೆ, ಹೇಳುವವರನ್ನು ನಂಬಬೇಡಿ. ನಿಮ್ಮದು ಶಿವಮೊಗ್ಗ ಜಿಲ್ಲೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಹರಡುವುದು ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗಿನಿಂದ. ಅಂಗಿಯನ್ನು ಬಿಸಿ ನೀರಿಗೆ ಹಾಕಿ, ಮೈಯೆಲ್ಲ ನೋಡಿಕೊಳ್ಳಿ, ಕಾಡಂಚಿಗೆ ಹೋಗಿ ಬಂದು ಜ್ವರ ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗಿನ ವಿಷಯ ಬಾಯಿಬಿಟ್ಟು ಹೇಳಿ.

ಇನ್ನು ಐದನೆಯದು. ಬೆಳಿಗ್ಗೆಯಿಂದ ಹತ್ತು ಸಲ ನೋಡಿದ್ದೇನೆ ಮಾರಾಯರೇ, ಸಂತೋಷಕ್ಕೆ. ಅದು ಎರಡು ಇರುವೆಯಲ್ಲ, ಒಂದೂ ಇರುವೆಯಲ್ಲ. ಚಗಳಿಯ ವೇಷ ಹಾಕಿದ ಜೇಡ, ಮಿರ್ಮಾಪ್ಲಾಟಾ, ಜಿಗಿಯುವ ಜೇಡಗಳ ಕುಟುಂಬದ್ದು. ಬಾಯಲ್ಲಿ ಕಚ್ಚಿಕೊಂಡಂತೆ ಕಾಣುವುದು ಅದರದೇ ದವಡೆ. ಗಂಡಿಗೆ ಮಾತ್ರ ಅಷ್ಟುದ್ದ ಮುಂದಕ್ಕೆ ಚಾಚಿರುತ್ತದೆ, ತುದಿಯಲ್ಲಿ ಕಪ್ಪು ಚುಕ್ಕೆ ಇದ್ದು ಹೊತ್ತ ಇರುವೆಯ ತಲೆಯಂತೆಯೇ ಕಾಣುತ್ತದೆ. ಮೀಸೆ ಎಂದು ನೀವು ತಿಳಿದದ್ದು ಎತ್ತಿ ಆಡಿಸುತ್ತಿರುವ ಮುಂಗಾಲು. ಇರುವೆಯ ಮೀಸೆಗೆ ಮೊಣಕೈಯಂತೆ ಒಂದು ಮಡಿಕೆ ಇರುತ್ತದೆ, ಇದಕ್ಕಿಲ್ಲ. ಮುಂದಿನ ಸಲ ಸಿಕ್ಕಾಗ ಎಲೆಯನ್ನು ಮೆತ್ತಗೆ ಅಲುಗಿಸಿ. ಚಗಳಿಯಾದರೆ ಕಚ್ಚಲು ಬರುತ್ತದೆ ಇಲ್ಲವೇ ಉದುರುತ್ತದೆ, ಇದು ಒಂದು ನೂಲು ಬಿಟ್ಟುಕೊಂಡು ಗಾಳಿಯಲ್ಲಿ ತೂಗಾಡುತ್ತದೆ.

ಅಡಿಕೆ ಸಿಪ್ಪೆ
ಅಕ್ಟೋಬರ್ 16, ಸಂಜೆ 7.05

ಚಗಳಿ ಚಟ್ನಿ ಮಾಡಲು ಮರದಿಂದ ಅದರ ಕೊಟ್ಟೆ (ಗೂಡು) ಇಳಿಸುವಾಗ ಇಂಥ ಎಷ್ಟು ಜೇಡ ಅರೆದು ತಿಂದಿದ್ದೇವೋ ಎಂದು ಮನೆಯವಳು ನಗುತ್ತಿದ್ದಾಳೆ.

ಒಂದು ಕೊಡೆ ನೆರಳು
ಅಕ್ಟೋಬರ್ 17, ಬೆಳಿಗ್ಗೆ 9.45

ನನ್ನದೊಂದು ದೂರು. ಹೋದ ತಿಂಗಳು ಪಾತ್ರೆ ತೊಳೆಯುವ ಸಿಂಕಿನ ಹತ್ತಿರದ ಜೇಡದ ಫೋಟೊ ಹಾಕಿದ್ದೆ, ಮೂರು ದಿನ ಕಾದ ಮೇಲೆ ಇಲ್ಲಿನವರು ತೋಳ ಜೇಡಗಳ ಕುಟುಂಬ ಎಂದಷ್ಟೇ ಹೇಳಿ ಮುಗಿಸಿದರು. ಗದ್ದೆ ಬದಿಯ ಮೇಡಂಗೆ ಮಾತ್ರ ಅರ್ಧ ಗಂಟೆಯಲ್ಲಿ ಪೂರ್ತಿ ಹೆಸರು. ಫೋಟೊ ಸ್ಪಷ್ಟವಾಗಿಯೇ ಇತ್ತು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಹುದಲ್ಲ?

ಎಂಟು ಕಣ್ಣು
ಅಕ್ಟೋಬರ್ 17, ಬೆಳಿಗ್ಗೆ 11.00

ದೂರು ನನ್ನ ಮೇಲೇ ಇದೆ, ಉತ್ತರಿಸಬೇಕು. ಪ್ರಪಂಚದಲ್ಲಿ ಹೆಸರಿಟ್ಟ ಜೇಡಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಅವುಗಳಲ್ಲಿ ಫೋಟೊ ನೋಡಿ ಇದೇ ಎನ್ನಬಹುದಾದವು ಕೆಲವು. ಹಂಟ್ಸ್‌ಮನ್‌ಗೆ ಬಿಳಿ ಪಟ್ಟಿಯಿದೆ, ಕಾಡಿನ ದೈತ್ಯ ಜೇಡ ನೆಫಿಲಾ ಪಿಲಿಪೆಸ್‌ಗೆ ಹೊಂಬಣ್ಣದ ದೊಡ್ಡ ಬಲೆಯಿದೆ. ತೋಳ ಜೇಡಗಳಲ್ಲಿ ಅಕ್ಕಪಕ್ಕದ ಪ್ರಭೇದಗಳು ಅಚ್ಚಿನಲ್ಲಿ ತೆಗೆದ ಬಿಸ್ಕತ್ತಿನಂತಿರುತ್ತವೆ. ಅವನ್ನು ಬೇರ್ಪಡಿಸಲು ಹೆಣ್ಣಿನ ಹೊಟ್ಟೆಯಡಿಯ ಜನನಾಂಗವನ್ನು, ಗಂಡಿನಲ್ಲಿ ಬಾಯಿಯ ಪಕ್ಕದ ಕಿರುಗೈಯ ತುದಿಯನ್ನು ಸೂಕ್ಷ್ಮದರ್ಶಕದಡಿ ನೋಡಬೇಕು. ಅದೂ ಬಲಿತ ಜೇಡವಾಗಿರಬೇಕು. ನಿಮ್ಮದು ಮರಿ. ಅದರ ಕಿರುಗೈ ಇನ್ನೂ ಸಪೂರವಾಗಿತ್ತು, ಬಲಿತ ಗಂಡಾಗಿದ್ದರೆ ಗುದ್ದಾಟದವರ ಕೈಗವಸು ತೊಟ್ಟಂತೆ ಉಬ್ಬಿರುತ್ತಿತ್ತು.

ಕುಟುಂಬವನ್ನಾದರೂ ಧೈರ್ಯವಾಗಿ ಹೇಳಿದ್ದು ಕಣ್ಣುಗಳಿಂದ. ತೋಳ ಜೇಡಕ್ಕೆ ಕೆಳಸಾಲಿನಲ್ಲಿ ನಾಲ್ಕು ಚಿಕ್ಕವು, ಮೇಲೆ ಎರಡು ದೊಡ್ಡವು, ಹಿಂದೆ ಮತ್ತೆರಡು. ಹಂಟ್ಸ್‌ಮನ್‌ಗೆ ನಾಲ್ಕರ ಎರಡು ಸಾಲು. ಜಿಗಿಯುವ ಜೇಡಕ್ಕೆ ಮುಂದೆ ಕಾರಿನ ದೀಪದಂಥ ಎರಡು. ಅದಕ್ಕಾಗಿಯೇ ಮುಖದ ಫೋಟೊ ಬೇಕೆಂದು ಪ್ರತಿಯೊಬ್ಬರಿಗೂ ಗೋಗರೆಯುವುದು. ಕುಟುಂಬ ಎಂದು ನಿಲ್ಲಿಸಿದ್ದು ಸೋಮಾರಿತನದಿಂದಲ್ಲ. ಅದರಾಚೆ ನಿಮ್ಮ ಚಿತ್ರದಲ್ಲಿ ಏನೂ ಇರಲಿಲ್ಲ, ನನ್ನ ಊಹೆ ಮಾತ್ರ ಇತ್ತು. ಮೂರು ದಿನ ತಡವಾದದ್ದಕ್ಕೆ ಮಾತ್ರ ಕ್ಷಮಿಸಿ, ಮನೆಯಲ್ಲಿ ಮದುವೆಯಿತ್ತು.

ಒಂದು ಕೊಡೆ ನೆರಳು
ಅಕ್ಟೋಬರ್ 17, ಮಧ್ಯಾಹ್ನ 12.20

ಇಷ್ಟನ್ನು ಆವತ್ತೇ ಹೇಳಿದ್ದರೆ ನಾನು ಜಗಳಕ್ಕೆ ಬರುತ್ತಿರಲಿಲ್ಲ. ಹಾಗಾದರೆ ಫೋಟೊ ಹೇಗೆ ತೆಗೆಯಬೇಕೆಂದು ಹೇಳಿ. ನನ್ನದು ಸಾಧಾರಣ ಮೊಬೈಲು.

ಟಾರ್ಚು ಹಿಡಿದವನು
ಅಕ್ಟೋಬರ್ 17, ಸಂಜೆ 6.30

ಇದು ನನ್ನ ಇಲಾಖೆ. ಮೊಬೈಲಿನ ಜೂಮ್ ಎಳೆಯಬೇಡಿ, ಅದು ಚಿತ್ರವನ್ನು ಹಿಗ್ಗಿಸುತ್ತದೆಯೇ ಹೊರತು ಹೊಸದೇನನ್ನೂ ಕಾಣಿಸುವುದಿಲ್ಲ. ಫೋಕಸ್ ಸಿಗುವಷ್ಟು ಹತ್ತಿರ ಹೋಗಿ, ತೆಗೆದ ಮೇಲೆ ಬೇಕಾದ ಭಾಗ ಕತ್ತರಿಸಿ. ಫ್ಲ್ಯಾಶ್ ಹಾಕಿದರೆ ಮೈ ಬೆಳ್ಳಗೆ ಸುಟ್ಟುಹೋಗುತ್ತದೆ. ಮನೆಯಲ್ಲಿರುವ ಇನ್ನೊಬ್ಬರ ಕೈಯಲ್ಲಿ ಟಾರ್ಚು ಕೊಟ್ಟು, ಅದರ ಬಾಯಿಗೆ ಬಿಳಿ ಕಾಗದವೊಂದನ್ನು ಅಡ್ಡ ಹಿಡಿದು ಪಕ್ಕದಿಂದ ಬೆಳಕು ಬೀಳಿಸಿ. ಬೆನ್ನಿನದೊಂದು, ಮುಖದ್ದೊಂದು, ಪಕ್ಕದ್ದೊಂದು. ಹೊಟ್ಟೆಯಡಿಯದ್ದು ಬೇಕಿದ್ದರೆ ಕಿಟಕಿಯ ಗಾಜಿನ ಮೇಲೆ ಕೂತಾಗ ಆಚೆಯಿಂದ ತೆಗೆಯಿರಿ, ಅಥವಾ ಗಾಜಿನ ಲೋಟ ಮುಚ್ಚಿ ಕೆಳಗೆ ಪಾರದರ್ಶಕ ಹಾಳೆ ತೂರಿಸಿ ಎತ್ತಿ.

ಅಳತೆಗೆ ಬೆರಳಿಡುವವರೇ ಹೆಚ್ಚು, ಆದರೆ ನಿಮ್ಮ ಬೆರಳು ಎಷ್ಟು ದಪ್ಪವೆಂದು ನಮಗೇನು ಗೊತ್ತು? ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್ ಅಗಲ. ಅದನ್ನು ಪಕ್ಕದಲ್ಲಿಡಿ, ಹುಳದ ಮೇಲಲ್ಲ. ಮತ್ತೆ ಆ ವಾಟ್ಸ್‌ಆ್ಯಪ್ಪಿನಲ್ಲಿ ಐದು ಜನರ ಕೈ ದಾಟಿ ಬಂದ ಚಿತ್ರವನ್ನು ದಯವಿಟ್ಟು ಹಾಕಬೇಡಿ. ಪ್ರತಿ ಸಲ ದಾಟಿದಾಗಲೂ ಒಂದೊಂದು ಕಾಲು ಸವೆದಿರುತ್ತದೆ.

ಚಿತ್ರಕ್ಕಿಂತ ಮುಖ್ಯ, ಜೊತೆಗೆ ನಾಲ್ಕು ಮಾತು ಬರೆಯಿರಿ. ಊರು, ತಿಂಗಳು, ಹಗಲೋ ರಾತ್ರಿಯೋ, ಬಲೆ ಇತ್ತೋ ಇಲ್ಲವೋ, ಇದ್ದರೆ ಹೇಗಿತ್ತು. ನಡುವೆ ಗುಣಾಕಾರ ಚಿಹ್ನೆಯಂತೆ ದಪ್ಪ ಬಿಳಿ ಹೆಣಿಗೆ ಇತ್ತು ಎಂದು ನೀವು ಬರೆದರೆ, ಚಿತ್ರ ಎಷ್ಟೇ ಮಸುಕಾಗಿದ್ದರೂ ಅದು ಸಹಿ ಜೇಡ, ಆರ್ಜಿಯೋಪಿ ಎಂದು ಕಣ್ಣು ಮುಚ್ಚಿ ಹೇಳಬಹುದು.

ಕುಣಿಗಲ್ ಕೆರೆ ಏರಿ
ಅಕ್ಟೋಬರ್ 18, ಬೆಳಿಗ್ಗೆ 8.00

ಸಾಮಾನ್ಯರು ತೆಗೆದ ಫೋಟೊದಿಂದ ಹೊಸ ಪ್ರಭೇದ ಸಿಗುವುದುಂಟೆ?

ಎಂಟು ಕಣ್ಣು
ಅಕ್ಟೋಬರ್ 18, ಬೆಳಿಗ್ಗೆ 8.40

ಫೋಟೊ ಬಾಗಿಲು ತಟ್ಟಬಲ್ಲದು, ಒಳಗೆ ಕರೆದುಕೊಂಡು ಹೋಗಲು ಜೇಡವೇ ಬೇಕು. ನಮ್ಮ ಶಿವಮೊಗ್ಗ ಜಿಲ್ಲೆಯ ಕಾನಿನಲ್ಲಿ ಸಿಕ್ಕ ಏಳು ಮಿಲಿಮೀಟರಿನ ಪುಟ್ಟ ಜೇಡವೊಂದಕ್ಕೆ 2016ರಲ್ಲಿ ಎರಿಯೊವಿಕ್ಸಿಯಾ ಗ್ರಿಫಿಂಡೋರಿ ಎಂದು ಹೆಸರಿಟ್ಟರು. ಮುದುಡಿದ ಒಣ ಎಲೆಯಂತಿರುವ ಅದರ ಆಕಾರ ಮಕ್ಕಳ ಕಾದಂಬರಿಯೊಂದರ ಮಾಂತ್ರಿಕ ಟೋಪಿಯನ್ನು ನೆನಪಿಸಿತಂತೆ. ಒಣ ಎಲೆ ಎಂದು ಎಷ್ಟು ಜನ ಅದನ್ನು ದಾಟಿ ಹೋಗಿರಬೇಕು ಯೋಚಿಸಿ.

ಸಾಗರದ ದಾರಿ
ಅಕ್ಟೋಬರ್ 19, ರಾತ್ರಿ 10.15

ಚಿತ್ರ 7: ಹಳೆಯ ಮರದ ಪೊಟರೆಯಲ್ಲಿ ರೋಮದ ದೊಡ್ಡ ಜೇಡ, ಮುಂಗಾಲಿನ ಅಡಿ ಅರಿಶಿನ ಹಳದಿ. ಜಾಗದ ನಕ್ಷೆಯನ್ನೂ ಹಾಕಿದ್ದೇನೆ, ನೋಡಲು ಬರುವವರಿಗೆ ಅನುಕೂಲವಾಗಲಿ ಎಂದು.

ಟಾರ್ಚು ಹಿಡಿದವನು
ಅಕ್ಟೋಬರ್ 19, ರಾತ್ರಿ 10.22

ಅಣ್ಣ, ನಕ್ಷೆಯನ್ನು ಈಗಲೇ ತೆಗೆದುಬಿಡಿ, ಹೆಸರು ಆಮೇಲೆ ನೋಡೋಣ. ಅದು ಪೆಸಿಲೊಥೇರಿಯಾ, ಮರದಲ್ಲಿ ಬಾಳುವ ಟರಾಂಟುಲಾ. ಇವನ್ನು ಸಾಕಲು ಕದ್ದು ಸಾಗಿಸುವವರಿದ್ದಾರೆ, ಅದಕ್ಕೇ 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಸೈಟಿಸ್ ಪಟ್ಟಿಗೆ ಈ ಗುಂಪನ್ನೇ ಸೇರಿಸಿದರು. ಕೊಳ್ಳುವವರೂ ಇಂಥ ಚರ್ಚೆಗಳನ್ನು ಓದುತ್ತಾರೆ. ಜಿಲ್ಲೆಯ ಹೆಸರು ಸಾಕು.

ಸಾಗರದ ದಾರಿ
ಅಕ್ಟೋಬರ್ 19, ರಾತ್ರಿ 10.26

ತೆಗೆದೆ. ಚಿತ್ರದ ಹಿನ್ನೆಲೆಯಲ್ಲಿ ದೇವಸ್ಥಾನದ ಬೋರ್ಡು ಕಾಣುತ್ತಿತ್ತು, ಅದನ್ನೂ ಕತ್ತರಿಸಿ ಮತ್ತೆ ಹಾಕಿದ್ದೇನೆ.

ಗದ್ದೆ ಬದಿಯ ಮನೆ
ನವೆಂಬರ್ 2, ಸಂಜೆ 5.40

ಇಷ್ಟು ದಿನ ಬರಲಾಗಲಿಲ್ಲ. ಮಗನ ಗುಳ್ಳೆ ಒಣಗಿ ಹಕ್ಕಳೆ ಉದುರಿದೆ, ಡಾಕ್ಟರಮ್ಮ ಹೇಳಿದಂತೆ ಕಂದು ಗೆರೆ ಮಾತ್ರ ಉಳಿದಿದೆ. ಶಾಲೆಯಲ್ಲಿ ಅದನ್ನು ಹುಲಿ ಪರಚಿದ್ದು ಎಂದು ಹೇಳಿಕೊಂಡು ತಿರುಗುತ್ತಿದ್ದಾನಂತೆ. ಮಲಗುವ ಕೋಣೆಗೆ ಹಳದಿ ಬಲ್ಬು ಬಂದಿದೆ. ಯಜಮಾನರು ಕಿಟಕಿಗೆ ಜಾಲರಿ ಹೊಡೆದರು, ಒಂದು ಮೂಲೆ ಬಿಟ್ಟುಕೊಂಡಿದೆ, ಹೇಳಿದರೆ ಸಿಟ್ಟು.

ಜೇಡ ಅಲ್ಲೇ ಇದೆ. ಒಂದು ವಾರ ಬೀರುವಿನ ಹಿಂದೆ ಅಲುಗಾಡದೆ ಕೂತಿತ್ತು. ನಿನ್ನೆ ಹೊಟ್ಟೆಯಡಿಯ ಬಿಲ್ಲೆ ಇಲ್ಲ, ಗೋಡೆಯ ಮೇಲೆ ಜೋಳದ ಕಾಳಿಗಿಂತ ಚಿಕ್ಕ ಮರಿಗಳು ಚೆಲ್ಲಾಡಿದ್ದವು. ಕಿಟಕಿ ತೆರೆದು ಒಂದು ಹಗಲು ಕೋಣೆ ಬಿಟ್ಟುಕೊಟ್ಟೆವು, ಬಹಳಷ್ಟು ಹೊರಗೆ ಹೋಗಿವೆ.

ಈಗ ಹೊಸ ತಾಪತ್ರಯ ಅತ್ತೆಯವರದು. ದಿನಾ ಬೆಳಿಗ್ಗೆ ಕಸ ಚೆಲ್ಲಲು ಬಿಡುವುದಿಲ್ಲ. ಮೊರವನ್ನು ಜಗಲಿಗೆ ತೆಗೆದುಕೊಂಡು ಹೋಗಿ, ಕನ್ನಡಕ ಏರಿಸಿ, ಊದುಬತ್ತಿಯ ಕಡ್ಡಿಯಲ್ಲಿ ಕೆದಕುತ್ತ ಕೂರುತ್ತಾರೆ. ಎಲೆಯಡಿಕೆಯ ಸುಣ್ಣದ ಡಬ್ಬಿಯೊಂದನ್ನು ತೊಳೆದು ಒಣಗಿಸಿ ಇಟ್ಟುಕೊಂಡಿದ್ದಾರೆ, ಬೇಕಾದದ್ದು ಅದರೊಳಗೆ. ಇವತ್ತಿನದ್ದನ್ನು ನಿಮಗೆ ಕಳಿಸಲೇಬೇಕೆಂದು ಹಟ ಹಿಡಿದಿದ್ದಾರೆ, ಚಿತ್ರ 8. ಪಕ್ಕದಲ್ಲಿ ಹತ್ತು ರೂಪಾಯಿ ಇಟ್ಟಿದ್ದೇನೆ. ಅವರು ಮೂರು ಸಲ ಕಾಲು ಎಣಿಸಿದರು. ಕೀಟವೂ ಅಲ್ಲ ಜೇಡವೂ ಅಲ್ಲ, ಏಳು ಕಾಲಿನದು ಎನ್ನುತ್ತಾರೆ.

ಎಂಟು ಕಣ್ಣು
ನವೆಂಬರ್ 2, ಸಂಜೆ 6.15

ಅಮ್ಮನವರ ಎಣಿಕೆ ಸರಿಯಾಗಿದೆ, ಏಳೇ. ಎಂಟನೆಯದನ್ನು ಯಾವುದೋ ಹಲ್ಲಿಯ ಬಾಯಲ್ಲಿ ಬಿಟ್ಟು ಬಂದಿದೆ. ಜೇಡಗಳು ಹಾಗೆ ಕಾಲು ಕಳಚಿಕೊಟ್ಟು ಪ್ರಾಣ ಉಳಿಸಿಕೊಳ್ಳುತ್ತವೆ, ಮರಿಯಾಗಿದ್ದರೆ ಮುಂದೆ ಪೊರೆ ಬಿಡುವಾಗ ಮತ್ತೆ ಬೆಳೆಸಿಕೊಳ್ಳುತ್ತವೆ. ಜಿಗಿಯುವ ಜೇಡದ ಹಾಗೆ ಕಾಣುತ್ತಿದೆ, ಆದರೆ ಡಬ್ಬಿಯ ಅಂಚು ಮುಖಕ್ಕೆ ಅಡ್ಡ ಬಂದಿದೆ. ಡಬ್ಬಿಯನ್ನು ಸ್ವಲ್ಪ ವಾಲಿಸಿ, ಕಣ್ಣಿನ ಕಡೆಯಿಂದ ಇನ್ನೊಂದು ತೆಗೆಯಿರಿ. ಮುಚ್ಚಳ ತೆಗೆದ ಕೂಡಲೇ ಹಾರುತ್ತದೆ, ಅಮ್ಮನವರಿಗೆ ಹೇಳಿರಿ.